ಪದ್ಯ ತಿದ್ದುವವನ ಪಾಡು

ಪದ್ಯ ಬರೆದರೆ ಯಾರಿಗೂ ತೊಂದರೆಯಿಲ್ಲ. ಬರೆದದ್ದನ್ನು ತಿದ್ದಲು ಹೊರಟಾಗಲೇ ನನಗೆ ಫಜೀತಿ ಗಂಟುಬೀಳುವುದು. ಆಗ ದೊರೆಗಳ ಕಾಲ. ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕಡೆಯ ಕಚೇರಿಯೊಂದಕ್ಕೆ ಗುಮಾಸ್ತಿಕೆಗೆ ಹೋಗುತ್ತಿದ್ದೆ. ಕೈ ಕಚೇರಿಯ ಕೆಲಸ ಮಾಡಿದರೂ ತಲೆ ಹಿಂದಿನ ದಿನದ ಸಾಲಿನಲ್ಲೇ ಒದ್ದಾಡುತ್ತಿತ್ತು. ಕೂತಲ್ಲಿ ಕೂರಲಾಗದು. ಒಂದು ಪದ ಸರಿಹೋದರೆ ಪಕ್ಕದ ಪದ ಮುನಿಸಿಕೊಳ್ಳುವುದು.

ಮಾತ್ರೆ

ಒಮ್ಮೆ ರೈಲಿನಲ್ಲಿ ಬೆರಳೆಣಿಸುತ್ತ ಛಂದಸ್ಸು ಸರಿಮಾಡುತ್ತಿದ್ದೆ. ಎದುರಿಗೆ ಕೂತಿದ್ದ ಕಾಮಸಮುದ್ರದ ರೈತ, ಯಾಕೆ ಸ್ವಾಮಿ ಹೀಗೆ ಚಡಪಡಿಸ್ತೀರಿ ಅಂದ. ಒಂದು ಮಾತ್ರೆ ಹೆಚ್ಚಾಗಿದೆ, ಅದಕ್ಕೇ ಅಂದೆ. ಅವನು ಗಾಬರಿಯಾಗಿ ತನ್ನ ಬುತ್ತಿಯ ಮಜ್ಜಿಗೆಯನ್ನೆಲ್ಲ ನನಗೆ ಕುಡಿಸಿಬಿಟ್ಟ. ಇಳಿಯುವ ಹೊತ್ತಿಗೆ ಸಾಲು ಕೂತಿತು. ಮಾತ್ರೆ ಸರಿಹೋಯ್ತು ಎಂದು ಹಿಗ್ಗಿ ಹೇಳಿದೆ. ಅವನು ಪಕ್ಕದವನಿಗೆ ಖಾಲಿ ಚೊಂಬು ತೋರಿಸಿದ: "ನೋಡ್ದಾ, ನಮ್ಮೆಮ್ಮೆ ಮಜ್ಜಿಗೆ ಅಂದ್ರೆ ಇದು ಕಣ್ಲಾ."

ಗುಂಗುರು

ಮದುವೆಯಾದ ಹೊಸತು. ಹೆಂಡತಿಯ ನೀಳ ಕೂದಲಿನ ಮೇಲೆ ಪದ್ಯ ಬರೆದೆ. ಓದಿ ನಾಚಿದಳು. ಮರುದಿನ ನನಗೆ ನೆಮ್ಮದಿಯಿಲ್ಲ. ಮೇಲಿನ ಸಾಲು 'ಅಂಗಳ' ಎಂದು ಶುರುವಾಗುತ್ತಿತ್ತು. ಎರಡನೆಯ ಅಕ್ಷರದ ಪ್ರಾಸಕ್ಕೆಂದು ಕೆಳಗಿನ ಸಾಲಿನ ಮೊದಲ ಪದ 'ನೀಳ' ಹೊಡೆದುಹಾಕಿ 'ಗುಂಗುರು' ಮಾಡಿದೆ. ಅವಳು ಮತ್ತೆ ಓದಿದಳು, ತನ್ನ ಜಡೆ ಮುಟ್ಟಿ ನೋಡಿಕೊಂಡಳು. ಪ್ರಾಸವೆಂದರೇನೆಂದು ನಾನು ಬಹಳ ಹೊತ್ತು ವಿವರಿಸಿದೆ. ಎಲ್ಲ ಕೇಳಿಕೊಂಡು ಒಲೆಯ ಮುಂದಿನಿಂದ ಎದ್ದಳು. "ಅಂಗಾದ್ರೆ ಇವತ್ತು ಮುದ್ದೆ ಆ ಗುಂಗುರು ಕೂದ್ಲೋಳೇ ತಿರುವ್ಲಿ."

ಸ್ವಾಗತ

ನಮ್ಮ ಕಚೇರಿಯ ದೊರೆ ಕೆಲಸ ಮುಗಿಸಿ ತಮ್ಮ ಇಂಗ್ಲೆಂಡಿನ ಸೀಮೆಗೆ ಹೊರಟರು. ಬೀಳ್ಕೊಡುಗೆಗೆ ಪದ್ಯ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಸಮಾರಂಭದ ದಿನವೂ ಕೊನೆಯ ಸಾಲು ಒಪ್ಪಲಿಲ್ಲ. ದೊರೆ ಪದ್ಯವಿಲ್ಲದೆ ಬರೀ ಹಾರ ಹಾಕಿಸಿಕೊಂಡು ರೈಲು ಹತ್ತಿದರು. ಹೆಡ್ ಗುಮಾಸ್ತರು ನನ್ನೊಡನೆ ಮಾತು ಬಿಟ್ಟರು.

ಪದ್ಯ ಮುಗಿಯುವಷ್ಟರಲ್ಲಿ ಹೊಸ ದೊರೆ ಬಂದಿಳಿದರು. ಅವರ ಸ್ವಾಗತಕ್ಕೂ ಒಂದು ಪದ್ಯ ಬೇಕಾಯಿತು. ನನ್ನ ಹತ್ತಿರ ಬೀಳ್ಕೊಡುಗೆಯದು ಬಿಟ್ಟರೆ ಬೇರೆ ಇರಲಿಲ್ಲ. ಅವರಿಗೇನು ಕನ್ನಡ ಬರುತ್ತದೆಯೇ, ಅದನ್ನೇ ಓದು ಅಂದರು ಹೆಡ್ ಗುಮಾಸ್ತರು. ಎದ್ದು ನಿಂತು, "ಹೋಗಿ ಬಾ ದೊರೆಯೇ, ಹೋಗಿ ಬಾ" ಎಂದು ರಾಗವಾಗಿ ಓದಿದೆ. ದೊರೆಗೆ ಬಲು ಸಂತೋಷವಾಯಿತು. ಮೊದಲ ಮಾತಿನ ಅರ್ಥವೇನೆಂದು ಕೇಳಿದರು. ಹೆಡ್ ಗುಮಾಸ್ತರು ಬೆವರು ಒರೆಸಿಕೊಂಡು, ಮನೆಗೆ ಬಂದವರನ್ನು ನಾವು ಹೀಗೆ ಬರಮಾಡಿಕೊಳ್ಳುತ್ತೇವೆ ಅಂದರು.

ದೊರೆ ಅದನ್ನು ಬಾಯಿಪಾಠ ಮಾಡಿಕೊಂಡರು. ಮಾರನೆಯ ದಿನ, ತಂಗಿಯ ಮದುವೆಗೆ ರಜೆ ಕೇಳಲು ಗುಮಾಸ್ತನೊಬ್ಬ ಅಳುಕುತ್ತ ಅವರ ಕೋಣೆಗೆ ಹೋದ. ಬಾಯಿ ತೆರೆಯುವ ಮೊದಲೇ ದೊರೆ ನಗುತ್ತ ಕೈಮುಗಿದರು: "ಹೋಗಿ ಬಾ." ಅವನು ನೆಟ್ಟಗೆ ಮನೆಗೆ ಹೋದ. ಸುದ್ದಿ ಹಬ್ಬಿ ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಹೋಗಿ ಕೈಮುಗಿಸಿಕೊಂಡು ಬಂದು ರಜೆಗೆ ಊರ ದಾರಿ ಹಿಡಿದರು.

ನನಗೆ ಮನಸ್ಸು ತಡೆಯಲಿಲ್ಲ. ನಿಜ ಹೇಳಿ, ಪದ್ಯ ತಿದ್ದಿ, ಸರಿಯಾದ ಸ್ವಾಗತಗೀತೆ ಮಾಡಿಕೊಡುತ್ತೇನೆ ಎಂದು ಹೊರಟೆ. ಆಗಷ್ಟೇ ಮಾವನ ಮನೆಯಿಂದ ಮರಳಿದ್ದ ಹೆಡ್ ಗುಮಾಸ್ತರು ನನ್ನ ಕೈ ಹಿಡಿದುಕೊಂಡರು.

"ಬೇರೆ ಏನು ಬೇಕಾದ್ರೂ ತಿದ್ದಪ್ಪ. ಇದೊಂದರಲ್ಲಿ ಅಕ್ಷರ ಮುಟ್ಟಬೇಡ. ನಾಳೆ ನಾನು ಇನ್ನೊಂದ್ಸಲ ಒಳಗೆ ಹೋಗ್ಬೇಕು."