ಒಂದು ಎಲೆಕ್ಟ್ರಾನಿಗಾಗಿ ನಿಯಾನ್ ದೀಪದವರಲ್ಲಿ ಮನವಿ

ಬಳ್ಳಾರಿಯ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದ ಮೇಜಿನ ಮೇಲೆ ಕೆಂಪಗೆ ವಿರಾಜಮಾನರಾಗಿರುವ ಟೊಳ್ಳು ಕ್ಯಾಥೋಡ್ ದೀಪದವರ ಸನ್ನಿಧಾನಕ್ಕೆ,

ಮಾನ್ಯರೇ,

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯವಳೂ ಪಿಎಚ್.ಡಿ. ಎಂಬ ವ್ರತ ಹಿಡಿದು ತಮ್ಮ ಸೇವೆಯಲ್ಲೇ ಸವೆಯುತ್ತಿರುವವಳೂ ಆದ ನಂದಿನಿ, ತಮ್ಮ ಗಾಜಿನ ಪಾದಗಳಿಗೆ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಊರಿನ ಸೆಕೆಗೆ ಫ್ಯಾನುಗಳೇ ಕೈಚೆಲ್ಲಿರುವಾಗ ತಾವು ಒಂದಿಷ್ಟೂ ಬೇಸರಿಸದೆ ಉರಿಯುತ್ತಿರುವುದು ನಮ್ಮ ವಿಭಾಗಕ್ಕೇ ಹೆಮ್ಮೆಯ ಸಂಗತಿ.

ತಮ್ಮ ಹೊಟ್ಟೆಯಲ್ಲಿರುವುದು ಬಟ್ಟಲಿನಂಥ ಒಂದು ಲೋಹದ ತುಂಡು ಮತ್ತು ಚಿಟಿಕೆಯಷ್ಟು ನಿಯಾನ್ ಅನಿಲ. ಸರಿಯಾದ ಬಣ್ಣದ ಲೇಸರನ್ನು ಆ ಬಟ್ಟಲಿಗೆ ಬಿಟ್ಟರೆ ನಿಯಾನ್ ಪರಮಾಣುಗಳು ಹುರುಪುಗೊಂಡು ಎಲೆಕ್ಟ್ರಾನ್ ಬಿಟ್ಟುಕೊಡಬೇಕು, ಅಂದರೆ ಅಯಾನೀಕರಣಗೊಳ್ಳಬೇಕು, ತಮ್ಮೊಳಗಿನ ಕರೆಂಟು ತುಸು ಏರಬೇಕು, ನನ್ನ ಪರದೆಯ ಮೇಲಿನ ಗೆರೆ ತಲೆಯೆತ್ತಬೇಕು. ಆ ಗೆರೆಯೇ ನನ್ನ ಪ್ರಬಂಧದ ಕೊನೆಯ ಅಧ್ಯಾಯ. ಬೇರೆ ಊರಿನಿಂದ ಎರವಲು ತಂದ ಲೇಸರು ವಿಜಯದಶಮಿಯ ಮರುದಿನ ಬೆಳಿಗ್ಗೆ ವಾಪಸು ಹೋಗಬೇಕಿತ್ತು. ಅತ್ತ ನನ್ನವ್ವ ಮಾರೆಮ್ಮ, ಸಿರುಗುಪ್ಪ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಮಗಳು ಡಾಕ್ಟರಾದಳೆಂದು ಆಗಲೇ ಸಾರಿಬಿಟ್ಟಿದ್ದಳು.

ಲೇಸರು ಬಂದಿಳಿದದ್ದು ಆಯುಧಪೂಜೆಯ ದಿನ. ಕುರುಗೋಡಿನಿಂದ ಬರುವ ನಮ್ಮ ಅಟೆಂಡರ್ ಹುಲಿಗೇಶ್ ಅಷ್ಟರಲ್ಲಿ ಎಲ್ಲ ಯಂತ್ರಗಳ ಹಣೆಗೂ ವಿಭೂತಿ ಎಳೆದು ಕುಂಕುಮವಿಟ್ಟಾಗಿತ್ತು. ತಮ್ಮ ಹಣೆ ಯಾವುದೆಂದು ಹುಡುಕಿ ಹುಡುಕಿ, ಲೇಸರು ಒಳಹೋಗಬೇಕಾದ ಗಾಜಿನ ಕಿಟಕಿಯನ್ನೇ ಅವನು ಆರಿಸಿಕೊಂಡಿದ್ದ! ಒರೆಸಲು ಹೋದರೆ, ಕ್ವಾಂಟಮ್ ಪಾಠ ಮಾಡುವ ನಮ್ಮ ಮಾರ್ಗದರ್ಶಕರಾದ ಚಿದಾನಂದಪ್ಪನವರು, "ಪೂಜಿ ಮಾಡಿದ್ದನ್ನ ಅಳಿಸಬಾರದವ್ವಾ, ನಾಳಿ ಸಂಜಿಗೆ ಬನ್ನಿ ಕೊಡೋತನಕ ತಡಿ" ಎಂದು ಕೈ ಹಿಡಿದರು. ಅಯ್ಯೋ ಶಿವನೇ, ಮಾನ್ಯರೇ, ನನಗೆ ಅಳುವೇ ಬಂತು. ವಿಭೂತಿಯ ಮೇಲೆಯೇ ಲೇಸರು ಬಿಟ್ಟೆ, ಅದು ಚದುರಿ ಗೋಡೆಯನ್ನೆಲ್ಲ ಬೆಳಗಿತು, ತಾವು ಮಾತ್ರ ಗಂಭೀರವಾಗಿದ್ದಿರಿ.

ದಶಮಿಯ ಸಂಜೆ ಎಲ್ಲರೂ ಬನ್ನಿ ಹಂಚಿಕೊಂಡರು. ತಮಗೂ ಒಂದೆಲೆ ಕೊಟ್ಟು, ಕ್ಷಮೆ ಕೇಳಿ, ಸ್ಪಿರಿಟ್ ಹತ್ತಿಯಿಂದ ತಮ್ಮ ಹಣೆ ಒರೆಸಿ ಲೇಸರು ಬಿಟ್ಟೆ. ಗೆರೆ ಎದ್ದಿತು! ನಾನು ಕಿರುಚಿದ್ದಕ್ಕೆ ಹುಲಿಗೇಶ್ ಓಡಿಬಂದು, "ಯವ್ವಾ, ಕರೆಂಟ್ ಹೊಡೀತೇನ್ರಿ ಮೇಡಂ?" ಎಂದ. ಉತ್ತರಿಸುವಷ್ಟರಲ್ಲಿ ಊರಿನ ಕರೆಂಟೇ ಹೋಯಿತು. ಅದು ಬರುವ ಹೊತ್ತಿಗೆ ಬೆಳಗಾಗಿತ್ತು, ಲೇಸರು ಜೀಪು ಹತ್ತಿತ್ತು.

ಕರೆಂಟು ಹೋಗುವ ಮೊದಲೇ ನಾನು ಮೊಬೈಲಿನಲ್ಲಿ ಹಿಡಿದಿದ್ದ ಗೆರೆಯ ಫೋಟೋ ನೋಡಿ ನಮ್ಮ ಮೇಷ್ಟ್ರು ಚಿದಾನಂದಪ್ಪನವರು, "ಒಮ್ಮಿ ಬಂದ್ರ ಅದು ಪವಾಡ ಆಗತೈತವ್ವಾ, ಅಂಥಾದ್ದನ್ನೆಲ್ಲ ನಾನು ನಂಬಂಗಿಲ್ಲ, ಇನ್ನೊಮ್ಮಿ ತೋರ್ಸು" ಎಂದಿದ್ದಾರೆ.

ಆದಕಾರಣ ದಯಾಸಾಗರರಾದ ತಾವು, ಇನ್ನು ಮುಂದೆ ಲೇಸರಿನ ಹಂಗಿಲ್ಲದೆ ಬರೀ ಮನೋಬಲದಿಂದ ಅಯಾನೀಕರಣಗೊಳ್ಳಬೇಕೆಂದೂ, ಅದು ತಮ್ಮ ಘನತೆಗೆ ಕುಂದೆನಿಸಿದರೆ ನನ್ನ ಮೊಬೈಲಿನ ಟಾರ್ಚನ್ನೇ ಲೇಸರೆಂದು ಭಾವಿಸಿಕೊಂಡು ಒಂದೇ ಒಂದು ಎಲೆಕ್ಟ್ರಾನನ್ನು ಸಡಿಲಿಸಬೇಕೆಂದೂ ಕೈಮುಗಿದು ಬೇಡುತ್ತೇನೆ.

ಇನ್ನೂ ಡಾಕ್ಟರಾಗದ, ಆದರೂ ತಮ್ಮ ವಿಶ್ವಾಸಿ,
ನಂದಿನಿ

ವಿ.ಸೂ.: ತಾವು ಇದಕ್ಕೂ ಒಪ್ಪದಿದ್ದರೆ, ತಮ್ಮನ್ನು ಬಿಚ್ಚಿಕೊಂಡು ಹೋಗಿ ಮೇಷ್ಟ್ರ ಮನೆಯ ದೇವರ ಜಗಲಿಯ ಮೇಲಿಟ್ಟು ಬರುತ್ತೇನೆ. ಅಲ್ಲಿ ಒಂದೇ ಸಲ ಮಿನುಗಿದರೂ ಅವರು ನಂಬುತ್ತಾರೆ.