ಶುಕ್ರವಾರಕ್ಕೆ ದಯಪಾಲಿಸಿದ ತೆನೆ ಹಬ್ಬದ ರಜೆ

ಅಲ್ ಅಜೈಬಾ, ಮಸ್ಕತ್
11 ಸೆಪ್ಟೆಂಬರ್ 2017

ಶಾಲಾ ಕ್ಯಾಲೆಂಡರ್ ಸಮಿತಿಯ ಅಧ್ಯಕ್ಷರಾದ ಶ್ರೀ ಬಾಲಸುಬ್ರಹ್ಮಣ್ಯ ಅವರಿಗೆ

ಮಾನ್ಯರೇ,

ತಮಗೂ ತಮ್ಮ ಕೆಂಪು ಪೆನ್ನಿಗೂ ಐದನೇ ತರಗತಿಯ ಜೇನ್‌ಳ ತಂದೆಯ ಸಾವಿರ ವಂದನೆಗಳು. ಸೆಪ್ಟೆಂಬರ್ ಎಂಟರ ನಮ್ಮ ತೆನೆ ಹಬ್ಬಕ್ಕೆ, ಅಂದರೆ ಮೇರಿ ಮಾತೆಯ ಜನ್ಮದಿನಕ್ಕೆ, ಈ ವರ್ಷ ರಜೆ ದಯಪಾಲಿಸಿದ್ದಕ್ಕಾಗಿ ಕೃತಜ್ಞತೆ ಹೇಳಲೆಂದೇ ಕುಳಿತಿದ್ದೇನೆ. ಬರಹ ದೂರಿನ ಕಡೆ ಜಾರಿದರೆ ಅದು ಪೆನ್ನಿನ ದೋಷವೆಂದು ತಿಳಿಯಬೇಕು.

ಕಳೆದ ವರ್ಷ ಹಬ್ಬ ಗುರುವಾರ ಬಂದಿತ್ತು. ಬಾಳೆಲೆ ಊಟಕ್ಕೆಂದು ನಾನು ಮನೆಯಲ್ಲಿ ಉಳಿಸಿಕೊಂಡ ಜೇನ್, ಗಣಿತದ ಪರೀಕ್ಷೆ ತಪ್ಪಿತೆಂದು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಅಂದೇ ನಾನು ಹೋರಾಟಗಾರನಾದೆ. ಮನೆಮನೆ ಹತ್ತಿಳಿದು ನೂರ ಹದಿನಾಲ್ಕು ಸಹಿ ಕೂಡಿಸಿದೆ. ಮೊದಲ ಸಹಿ ಮೇಲಿನ ಮಹಡಿಯ, ಹಾವೇರಿ ಕಡೆಯ ಬಸವಪ್ರಭು ಅವರದು. "ಹಾಕ್ತೀನ್ರಿ. ಆದ್ರ ನಮ್ಮ ನಾಗರ ಪಂಚಮಿಗೂ ಒಂದು ಅರ್ಜಿ ನೀವ ಬರೀಬೇಕು ನೋಡ್ರಿ" ಎಂದರು. ಬರೆದೆ.

ತಾವು ನನ್ನನ್ನು ಕರೆಸಿ, ಆ ದಿನ ಏನು ಮಾಡುತ್ತೀರಿ ಎಂದು ಸೌಜನ್ಯದಿಂದ ಕೇಳಿದಿರಿ. ಹೊಸ ಭತ್ತ, ಭೂಮಿತಾಯಿ, ಪರಂಪರೆ ಎಂದು ನಾನು ಹನ್ನೊಂದು ನಿಮಿಷ ಮಾತನಾಡಿದೆ. ಪಕ್ಕದಲ್ಲಿದ್ದ ಜೇನ್, "ಡ್ಯಾಡಿ ಜಸ್ಟ್ ಈಟ್ಸ್ ಆಂಡ್ ಸ್ಲೀಪ್ಸ್, ಸರ್" ಎಂದು ಸಾರಾಂಶ ಒದಗಿಸಿದಳು. ಅಷ್ಟಾದರೂ ತಾವು ಒಪ್ಪಿದ್ದು ತಮ್ಮ ದೊಡ್ಡತನ.

ಹೊಸ ಕ್ಯಾಲೆಂಡರ್ ಬಂದ ದಿನ ಕಟ್ಟಡಕ್ಕೆಲ್ಲ ಲಾಡು ಹಂಚಿ ಬಂದು, ಕಾಲು ಚಾಚಿ ಕುಳಿತೆ. ಹೆಂಡತಿ ರೆನಿಟಾ ಕ್ಯಾಲೆಂಡರ್ ತಿರುವಿ ನೋಡಿ, "ಇದು ಶುಕ್ರವಾರ ಅಲ್ವಾ ಮಾರಾಯ್ರೆ! ಶುಕ್ರವಾರ ಈ ಊರಲ್ಲಿ ಯಾವ ಶಾಲೆ ಉಂಟು?" ಎಂದಳು. ಮುಂದಿನ ವರ್ಷದ್ದು ಹುಡುಕಿದರೆ ಶನಿವಾರ. ಅದೂ ವಾರದ ರಜೆಯೇ. ನಾಗರ ಪಂಚಮಿಗೂ ತಾವು ಮರೆಯದೆ ರಜೆ ಕೊಟ್ಟಿದ್ದಿರಿ, ಇಲ್ಲಿನ ಜುಲೈ ತಿಂಗಳ ಬೇಸಿಗೆ ರಜೆಯ ನಡುವೆ. ತಿಂಗಳುಗಟ್ಟಲೆ ಸಹಿ ಕೂಡಿಸಿದ ಮಹಾಶಯನಿಗೆ ಒಮ್ಮೆ ವಾರ ಯಾವುದೆಂದು ನೋಡಲು ಹೊಳೆಯದಿದ್ದರೆ ತಮ್ಮದೇನು ತಪ್ಪು?

ಮೊನ್ನೆ ಹಬ್ಬ ಮಾಡಿದೆವು. ಪ್ರತಿ ವರ್ಷ ಊರಿಂದ ಬರುವ ಯಾರಾದರೂ ನಮಗೆ ತೆನೆ ತರುತ್ತಿದ್ದರು. ತೈಲದ ಬೆಲೆ ಬಿದ್ದ ಮೇಲೆ ಊರಿಗೆ ಹೋಗುವವರೇ ಹೊರತು ಬರುವವರಿಲ್ಲ. ತೆನೆಯಿಲ್ಲದ ತೆನೆ ಹಬ್ಬದ ಊಟಕ್ಕೆ ಬಸವಪ್ರಭು ಅವರ ಮನೆಯವರೂ ಬಂದಿದ್ದರು. ಕಂಪನಿ ಅವರನ್ನು ಕೆಲಸದಿಂದ ಬಿಡಿಸಿತ್ತು, ಮರುದಿನವೇ ವಿಮಾನ. ಎಲೆಯ ಮುಂದೆ ಅವರು, "ನಮ್ಮ ಹಾವೇರ್ಯಾಗ ಸಾಲಿಗೆ ಈ ಹಬ್ಬದ ರಜಾ ಇರತೈತೇನ್ರಿ?" ಎಂದು ಕೇಳಿದರು. ಇರಲಿಕ್ಕಿಲ್ಲ ಎಂದೆ. "ಹಂಗಾರ ಅಲ್ಲಿ ನಾ ಬರೀತೀನಿ ಬಿಡ್ರಿ ಅರ್ಜಿ" ಎಂದರು. ದೊಡ್ಡವರೆಲ್ಲ ನಕ್ಕೆವು. ಜೇನ್ ಮತ್ತು ಅವರ ಮಗಳು ಅಂಜಲಿ ನಗಲಿಲ್ಲ.

ಆದ್ದರಿಂದ ಸೆಪ್ಟೆಂಬರ್ ಎಂಟನ್ನು, ಇಲ್ಲಿ ಶಾಲೆ ತೆರೆದಿರುವ ಭಾನುವಾರಕ್ಕೆ ಸರಿಸಿಕೊಡಬೇಕಾಗಿ ವಿನಂತಿ. ಕ್ಯಾಲೆಂಡರ್ ತಮ್ಮ ಕೈಯಲ್ಲೇ ಇರುವುದರಿಂದ ಕಷ್ಟವಾಗದು. ಹಾಗೆಯೇ ಸಹಿ ಹಾಕಿ ಊರಿಗೆ ಮರಳಿದ ಮೂವತ್ತೊಂದು ಮನೆಗಳ ಮಕ್ಕಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆಯದೆ, ರಜೆಯಲ್ಲಿದ್ದಾರೆಂದೇ ಬರೆದಿರಿಸಬೇಕು.

ತಮ್ಮ ವಿಶ್ವಾಸಿ, ಈಗಷ್ಟೇ ವಾರಗಳ ಹೆಸರು ಕಲಿಯುತ್ತಿರುವ
ಗ್ಲಾಡ್ವಿನ್ ಮೆಂಡೋನ್ಸಾ

ತಾ.ಕ.: ನಿನ್ನೆ ಅಲ್ ಖುವೈರ್‌ನ ನನ್ನ ಕಚೇರಿಯೂ ನನಗೆ ರಜೆ ಕೊಟ್ಟಿತು. ಮ್ಯಾನೇಜರ್ ಮುಹಮ್ಮದ್ ಅವರು ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು "ಖಲಾಸ್, ಗ್ಲಾಡ್ವಿನ್" ಎಂದರು. ಭಾನುವಾರ, ಅಪ್ಪಟ ಕೆಲಸದ ದಿನ ನೋಡಿಯೇ ಕೊಟ್ಟಿದ್ದಾರೆ. ರಜೆ ಕೊಡುವುದು ಹೇಗೆಂದು ತಮ್ಮ ಸಮಿತಿ ಅವರಿಂದ ಕಲಿಯಬಹುದು. ಜೇನ್‌ಳ ಟಿ.ಸಿ. ಕೇಳಲು ಯಾವತ್ತು ಬರಲಿ? ನನಗೀಗ ಯಾವ ವಾರವಾದರೂ ಆದೀತು.