ಎಲ್ಲ ವಿಳಾಸಗಳಿಗೂ ಹಾಜರಿ ಸೇವೆಯೇ ಓಗೊಡುವ ಬಗ್ಗೆ

ಸಂಖ್ಯೆ: ಜಗಲಿ/ಕೊಠಡಿ/ಓಗೊಡು/೭ (ತಿದ್ದುಪಡಿಯ ತಿದ್ದುಪಡಿ)

ವಿಷಯ: ಇಲಾಖೆಯ ಸರ್ವರಿನೊಳಗಿನ ಪ್ರತ್ಯೇಕ ಕೊಠಡಿಗಳ ಸೇವೆಗಳು ತಂತಮ್ಮ ವಿಳಾಸದಲ್ಲಿ ಬಾಯಿ ತೆರೆಯುವ ಕ್ರಮ.

ಉಲ್ಲೇಖ: ೧) ಸರ್ವರ್ ನೋಡಿಕೊಳ್ಳುವ ಯಂತ್ರಪಾಲಕರ ಒಂದು ಸಾಲಿನ ಸಲಹೆ. ೨) ಹಾಲು ಮಾರುವ ಹೆಂಗಸೊಬ್ಬರ ಧ್ವನಿ ಸಂದೇಶ.

ಇಲಾಖೆಗೆ ಇರುವುದು ಒಂದೇ ಸರ್ವರ್. ಒಂದು ಸೇವೆಯ ತಂಟೆ ಇನ್ನೊಂದಕ್ಕೆ ತಾಗದಿರಲೆಂದು ಅದರೊಳಗೆ ಗೋಡೆ ಎಬ್ಬಿಸಿದಂತೆ ಕೊಠಡಿಗಳನ್ನು ಮಾಡಿ, ಪ್ರತಿಯೊಂದಕ್ಕೂ ಬೇರೆ ವಿಳಾಸ ನೀಡಲಾಗಿದೆ. ಮೂರನೆಯ ಕೊಠಡಿಯಲ್ಲಿ ಪಶುವೈದ್ಯರನ್ನು ಕರೆಸುವ ಸೇವೆಯಿದೆ. ಕೊಠಡಿಗಳ ಹೊರಗೆ, ಜಗಲಿಯಲ್ಲಿ, ನಿರ್ದೇಶಕರು ಸಿಬ್ಬಂದಿಯ ಹಾಜರಿ ಪಡೆಯುವ ಹಾಜರಿ ಸೇವೆಯಿದೆ. ಯಾವ ವಿಳಾಸಕ್ಕೆ ಕಿವಿಗೊಡಬೇಕೆಂದು ಅದಕ್ಕೆ ಬರೆದುಕೊಡದ ಕಾರಣ ಅದು ಎಲ್ಲ ವಿಳಾಸಗಳಿಗೂ ತಾನೇ ಓಗೊಡುತ್ತಿದೆ.

ಹೀಗಾಗಿ ಪಶುವೈದ್ಯ ಸೇವೆಗೆಂದು ಮೇಲ್ಕಂಡ ಹೆಂಗಸು ಕಳಿಸಿದ ಪ್ರತಿ ಸಂದೇಶಕ್ಕೂ "ತಮ್ಮ ಹಾಜರಿ ದಾಖಲಾಗಿದೆ. ಶುಭದಿನ" ಎಂಬ ಉತ್ತರ ಹೋಗಿರುತ್ತದೆ. ಅವರ ಕೊನೆಯ ಸಂದೇಶವನ್ನು ಇದ್ದಂತೆಯೇ ದಾಖಲಿಸಲಾಗಿದೆ: "ಅಯ್ಯೋ, ಡಾಕ್ಟ್ರನ್ನ ಕಳ್ಸ್ರಪ್ಪಾ! ಹಸು ಬೆಳಗ್ಗಿಂದ ತಿಣುಕ್ತಾ ಇದೆ, ಕರು ಅಡ್ಡ ತಿರುಗಿದೆ. ನನ್ ಹಾಜರಿ ತಗೊಂಡು ಏನ್ಮಾಡ್ತೀರಿ? ನಾನೇನು ನಿಮ್ಮ ಆಫೀಸಿನ ಸೊಸೇನಾ?"

ಆ ಹೊತ್ತಿನಲ್ಲಿ ಪಶುವೈದ್ಯರು ಚೀಲ ಕಟ್ಟಿಕೊಂಡು, ಬೂಟು ಹಾಕಿಕೊಂಡು, ಕರೆಗಾಗಿ ಕಾಯುತ್ತ ಕುಳಿತಿದ್ದರು. ಕರೆ ಬಾರದ್ದರಿಂದ ಜಾನುವಾರುಗಳ ಆರೋಗ್ಯ ಸುಧಾರಿಸಿದೆಯೆಂದು ಮೇಲಕ್ಕೆ ವರದಿ ಮಾಡಲಾಗಿದೆ. ಕರು ಉಳಿಯಲಿಲ್ಲ. ಹಸು ಎದ್ದು ನಿಂತಿದೆ. ಅದೇ ಕೊಟ್ಟಿಗೆಯ ಕಡಸು ಈಗ ತುಂಬು ಗಬ್ಬವಿದೆಯೆಂದು ತಿಳಿದುಬಂದಿದ್ದು, ಸಂಬಂಧಪಟ್ಟ ಎಲ್ಲರೂ ಈ ಕೆಳಗಿನಂತೆ ನಡೆದುಕೊಳ್ಳಲು ಆದೇಶಿಸಲಾಗಿದೆ.

೧. ಹಾಜರಿ ಸೇವೆಗೆ ಅದರದೇ ಒಂದು ವಿಳಾಸ ಬರೆದುಕೊಟ್ಟರೆ ಉಳಿದವರಿಗೆ ದಾರಿಯಾಗುತ್ತದೆಂಬ ಯಂತ್ರಪಾಲಕರ ಸಲಹೆಯನ್ನು ತಿರಸ್ಕರಿಸಲಾಗಿದೆ. ಎಲ್ಲ ಬಾಗಿಲಲ್ಲೂ ನಿಲ್ಲುತ್ತಿದ್ದವರನ್ನು ಒಂದೇ ಬಾಗಿಲಿಗೆ ನಿಲ್ಲಿಸುವುದು ಹಿಂಬಡ್ತಿ. ವಿಚಾರಣೆಯಿಲ್ಲದೆ ಹಿಂಬಡ್ತಿ ನೀಡಲು ಅವಕಾಶವಿಲ್ಲ.

೨. ಕೊಠಡಿಯೊಳಗಿನ ಸೇವೆಗಳು ತಮ್ಮ ವಿಳಾಸಕ್ಕೆ ಮಾತ್ರ ಕಿವಿಗೊಡತಕ್ಕದ್ದು. ಏನಾದರೂ ಕೇಳಿಸಿದಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು.

೩. ಕೆಲವು ಸೇವೆಗಳು ತಮ್ಮನ್ನು ತಾವೇ ಕರೆದುಕೊಳ್ಳಲು "ನಾನು" ಎಂಬ ಒಳವಿಳಾಸವನ್ನು ಬಳಸುತ್ತಿರುವುದು ಗಮನಕ್ಕೆ ಬಂದಿದೆ. "ನಾನು" ಜಗಲಿಗೆ ಮೀಸಲು. ಉಳಿದವರು "ಮೂರನೆಯ ಕೊಠಡಿಯವನು" ಇತ್ಯಾದಿಯಾಗಿ ತಮ್ಮನ್ನು ಕರೆದು, ತಾವೇ ಓಗೊಡುವ ಮುನ್ನ ಅನುಮತಿ ಪಡೆಯತಕ್ಕದ್ದು.

೪. ಒಂದು ಕೊಠಡಿಗೆ ಎರಡು ವಿಳಾಸಗಳಿದ್ದಲ್ಲಿ, ಮೊದಲನೆಯದಕ್ಕೆ ಬಂದವರನ್ನು ಎರಡನೆಯದಕ್ಕೂ, ಎರಡನೆಯದಕ್ಕೆ ಬಂದವರನ್ನು ಮೊದಲನೆಯದಕ್ಕೂ ಸೌಜನ್ಯದಿಂದ ಕಳಿಸಿಕೊಡತಕ್ಕದ್ದು.

೫. ಹಾಲು ಮಾರುವ ಹೆಂಗಸಿನ ಹಾಜರಿ ವಿಧಿವತ್ತಾಗಿ ದಾಖಲಾಗಿರುವುದರಿಂದ ಅವರನ್ನು ಇಲಾಖೆಯ ಸಿಬ್ಬಂದಿಯೆಂದೇ ಪರಿಗಣಿಸಲಾಗಿದೆ. ಹಾಜರಿ ಹಾಕಿದ ಮೇಲೆ ಹೇಳದೆ ಕೇಳದೆ ಕೊಟ್ಟಿಗೆಗೆ ಹೋಗಿ ಕುಳಿತದ್ದೇಕೆಂದು ಅವರು ಲಿಖಿತ ವಿವರಣೆ ನೀಡತಕ್ಕದ್ದು. "ಸೊಸೆ" ಎಂಬ ಹುದ್ದೆ ಇಲಾಖೆಯಲ್ಲಿ ಮಂಜೂರಾಗಿಲ್ಲ.

೬. ಕಡಸು ಈಯುವುದನ್ನು ಮುಂದಿನ ತಿದ್ದುಪಡಿಯವರೆಗೆ ಮುಂದೂಡಲು ಒಡತಿಯು ಕ್ರಮ ವಹಿಸತಕ್ಕದ್ದು. ತಡೆಯಲಾಗದ ಪಕ್ಷದಲ್ಲಿ ಕರುವು ಅಡ್ಡ ತಿರುಗದೆ, ನೇರವಾಗಿ, ಮುಂಗಾಲು ಮೊದಲು ಮಾಡಿ ಬರತಕ್ಕದ್ದು.

೭. ಪಶುವೈದ್ಯರು ಬೂಟು ಬಿಚ್ಚತಕ್ಕದ್ದಲ್ಲ. ಕರೆಯಿಲ್ಲದೆ ಹೊರಡತಕ್ಕದ್ದೂ ಅಲ್ಲ.

(ಸಹಿ ಓದಲು ಬರುವುದಿಲ್ಲ)
ನಿರ್ದೇಶಕರು
ಹಾಗೂ ಉಳಿದೆಲ್ಲ ವಿಳಾಸಗಳ ಪರವಾಗಿ

ಪ್ರತಿಗಳು:
೧. ಯಂತ್ರಪಾಲಕರಿಗೆ: ಸಲಹೆ ನೀಡಿದ್ದೇಕೆಂಬ ವಿವರಣೆ ಕೋರಿ.
೨. ಹಾಲು ಮಾರುವ ಹೆಂಗಸಿಗೆ: ಕರ್ತವ್ಯಕ್ಕೆ ಮರಳಲು.
೩. ಕಡಸಿಗೆ: ಒಡತಿಯ ಮೂಲಕ.
೪. ಪಶುವೈದ್ಯ ಸೇವೆ, ಮೂರನೆಯ ಕೊಠಡಿಗೆ: ಕಡಸಿಗೆ ನೋವು ಶುರುವಾಗಿದೆ, ಬೇಗ ಬನ್ನಿ ಎಂದು ಈಗಷ್ಟೇ ಬಂದ ಸಂದೇಶವನ್ನು ಲಗತ್ತಿಸಿ, ತುರ್ತು ಕ್ರಮಕ್ಕಾಗಿ ಕಳಿಸಲಾಗಿದೆ. ತಲುಪಿರುವುದಕ್ಕೆ ಉತ್ತರವೂ ಬಂದಿದೆ: "ತಮ್ಮ ಹಾಜರಿ ದಾಖಲಾಗಿದೆ. ಶುಭದಿನ."